ಕವಿ ನಿಂತ ಚೌಕ, ಎರಡು ದಿನದ ಊರು

(ಬಡಾವಣೆಯ ಗ್ರಂಥಾಲಯವೊಂದರಲ್ಲಿ ವಾರಾಂತ್ಯದ ಸಂಜೆ ನೀಡಿದ ಉಪನ್ಯಾಸದ ಬರಹ ರೂಪ)



ನನ್ನ ಜೇಬಿನಲ್ಲಿ ಮೂರು ನಾಣ್ಯಗಳಿವೆ. ಮಾತು ಮುಗಿದ ಮೇಲೆ ಬೇಕಾದವರು ಬಂದು ನೋಡಬಹುದು. ಮೂರೂ ಯೂರೋ ನಾಣ್ಯಗಳೇ. ಈ ನಾಣ್ಯ ಚಲಾವಣೆಯಲ್ಲಿರುವ ದೇಶಗಳಲ್ಲೆಲ್ಲ ಅದರ ಒಂದು ಮುಖ ಒಂದೇ ತೆರನಾಗಿರುತ್ತದೆ. ಇನ್ನೊಂದು ಮುಖದಲ್ಲಿ ಏನಿರಬೇಕು ಎಂಬುದನ್ನು ಆಯಾ ದೇಶವೇ ತೀರ್ಮಾನಿಸಿಕೊಳ್ಳುತ್ತದೆ. ಕೆಲವರು ರಾಜನ ತಲೆ ಹಾಕಿಕೊಂಡರು, ಕೆಲವರು ಹದ್ದನ್ನು ಕೂರಿಸಿದರು. ನನ್ನ ಬಳಿ ಇರುವ ಈ ಮೂರು ಬಂದದ್ದು ಸ್ಲೊವೇನಿಯಾದಿಂದ. ಎರಡು ಯೂರೋ ನಾಣ್ಯದ ಮೇಲಿರುವವನು ಒಬ್ಬ ಕವಿ. ಒಂದು ಯೂರೋ ನಾಣ್ಯದ ಮೇಲಿರುವವನು ಆ ಭಾಷೆಯ ಮೊದಲ ಪುಸ್ತಕವನ್ನು ಅಚ್ಚು ಹಾಕಿಸಿದವನು. ಹತ್ತು ಸೆಂಟಿನ ನಾಣ್ಯದ ಮೇಲೆ ಒಂದು ಕಟ್ಟಡವಿದೆ. ಆ ಕಟ್ಟಡವನ್ನು ಹುಡುಕಿಕೊಂಡು ನೀವು ಹೋದರೆ ಸಿಗುವುದಿಲ್ಲ, ಏಕೆಂದರೆ ಅದನ್ನು ಕಟ್ಟಲೇ ಇಲ್ಲ.

ಕಟ್ಟದ ಕಟ್ಟಡವನ್ನು ನಾಣ್ಯದ ಮೇಲೆ ಅಚ್ಚೊತ್ತುವ ಜನ ಎಂಥವರಿರಬಹುದು? ಈ ಕುತೂಹಲವೇ ನಮ್ಮನ್ನು ಆ ಊರಿಗೆ ಕರೆದುಕೊಂಡು ಹೋಯಿತು. ಮಗ ವಿಯೆನ್ನಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಆ ಹತ್ತು ಸೆಂಟು ಬಂದಿತ್ತು. ಅಲ್ಲಿಯವರಿಗೆ ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಪ್ರವಾಸ ರೂಢಿಯಾಗಿ ಬಿಟ್ಟಿದೆ. ನಮ್ಮ ಪ್ರವಾಸ ಎಂದರೆ ಒಂದೋ ಯಾತ್ರೆ, ಇಲ್ಲವೇ ಹತ್ತು ದಿನದಲ್ಲಿ ಎಂಟು ದೇಶ ತೋರಿಸುವ ಬಸ್ಸು. ಎರಡು ದಿನದಲ್ಲಿ ಪ್ಯಾರಿಸ್ ನೋಡುತ್ತೇನೆ ಎನ್ನುವವನು ಸರತಿ ಸಾಲನ್ನಷ್ಟೇ ನೋಡಿ ಬರುತ್ತಾನೆ. ಆದರೆ ಒಂದು ಚಿಕ್ಕ ರಾಜಧಾನಿಯನ್ನು ಎರಡು ದಿನದಲ್ಲಿ, ಕಾಲ್ನಡಿಗೆಯಲ್ಲೇ, ತಕ್ಕಮಟ್ಟಿಗೆ ಅರ್ಥ ಮಾಡಿಕೊಳ್ಳಬಹುದು ಎಂದು ನನಗನಿಸಿತು. ಆ ರಾಜಧಾನಿ ಲ್ಯುಬ್ಲಿಯಾನ.

ಹೆಸರು ನಾಲಿಗೆಗೆ ಹೊರಳುವುದು ಕಷ್ಟ. ನನ್ನ ಹೆಂಡತಿಗೆ ಎರಡನೆಯ ದಿನಕ್ಕೆ ಬಂತು, ನನಗೆ ವಾಪಸು ಬಂದ ಮೇಲೆ. ಪಶ್ಚಿಮಕ್ಕೆ ಇಟಲಿ, ಉತ್ತರಕ್ಕೆ ಆಸ್ಟ್ರಿಯಾ, ಈಶಾನ್ಯಕ್ಕೆ ಹಂಗೇರಿ, ದಕ್ಷಿಣಕ್ಕೆ ಕ್ರೊಯೇಷಿಯಾ. ಇವುಗಳ ನಡುವೆ ಸಿಕ್ಕಿಕೊಂಡ ಸ್ಲೊವೇನಿಯಾದ ವಿಸ್ತೀರ್ಣ ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕರ್ನಾಟಕದ ಹತ್ತನೆಯ ಒಂದು ಪಾಲಿಗೆ ತುಸು ಸೇರಿಸಿದರೆ ಅಷ್ಟೇ ಆಗುತ್ತದೆ. ಜನಸಂಖ್ಯೆ ಸುಮಾರು 21 ಲಕ್ಷ. ರಾಜಧಾನಿಯ ಜನ ಮೂರು ಲಕ್ಷದ ಆಸುಪಾಸು, ಅಂದರೆ 2011ರ ಜನಗಣತಿಯ ನಮ್ಮ ತುಮಕೂರಿನಷ್ಟು. ಇಷ್ಟು ಜನ ಆಡುವ ಭಾಷೆಗೆ ಒಂದು ದೇಶ, ಒಂದು ವಿಶ್ವವಿದ್ಯಾನಿಲಯ, ಒಂದು ರಾಷ್ಟ್ರೀಯ ಗ್ರಂಥಾಲಯ, ಯುರೋಪಿಯನ್ ಒಕ್ಕೂಟದಲ್ಲಿ ಅಧಿಕೃತ ಭಾಷೆಯ ಪಟ್ಟ. ಇದೆಲ್ಲ ಹೇಗೆ ಸಾಧ್ಯವಾಯಿತು ಎಂಬುದೇ ಈ ಊರಿನ ಕಥೆ.

ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ಆರು ಗಂಟೆ. ಸೆಮ್ಮರಿಂಗ್ ಘಟ್ಟವನ್ನು ಹತ್ತಿ ಇಳಿಯುವ ಆ ದಾರಿಯೇ ಒಂದು ಪ್ರೇಕ್ಷಣೀಯ ಸ್ಥಳ. ಘಟ್ಟದ ಹಳಿ 1854ರದು, 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಮ್ಮೆ ಷೆಂಗೆನ್ ವೀಸಾ ದೊರೆತವರಿಗೆ ಗಡಿಯಲ್ಲಿ ಬೇರೆ ವೀಸಾ ಬೇಡ. ನಿಲ್ದಾಣದಿಂದ ಇಳಿದು ಹತ್ತು ನಿಮಿಷ ನಡೆದರೆ ನದಿ. ಹೆಸರು ಲ್ಯುಬ್ಲಿಯಾನಿತ್ಸ. ನಮ್ಮ ಲೆಕ್ಕದಲ್ಲಿ ಅದು ನದಿಗಿಂತ ದೊಡ್ಡ ಕಾಲುವೆ ಎನ್ನಬೇಕು. ಅದರ ಮೇಲೆ ಒಂದು ಸೇತುವೆ, ಸೇತುವೆಯ ನಾಲ್ಕು ಮೂಲೆಗೆ ರೆಕ್ಕೆ ಬಿಚ್ಚಿ ಬಾಯಿ ತೆರೆದ ನಾಲ್ಕು ಡ್ರ್ಯಾಗನ್‌ಗಳು.

ಡ್ರ್ಯಾಗನ್ ಈ ಊರಿನ ಲಾಂಛನ. ಗ್ರೀಕ್ ಪುರಾಣದ ಜೇಸನ್ ಚಿನ್ನದ ತುಪ್ಪಳವನ್ನು ಕದ್ದು ಓಡುವಾಗ ಈ ನದಿಯ ದಾರಿಯಲ್ಲಿ ಬಂದ, ಇಲ್ಲಿನ ಜೌಗಿನಲ್ಲಿದ್ದ ಡ್ರ್ಯಾಗನ್ನನ್ನು ಕೊಂದ ಎಂದು ಸ್ಥಳಪುರಾಣ. ನಮ್ಮ ಊರುಗಳಿಗೆ ರಾಮ ಬಂದು ಹೋಗಿರುವ ಹಾಗೆ ಅವರ ಊರುಗಳಿಗೆ ಗ್ರೀಕ್ ವೀರರು ಬಂದು ಹೋಗಿರುತ್ತಾರೆ. ಸೇತುವೆ ಮಾತ್ರ ಪುರಾಣದ್ದಲ್ಲ. 1901ರಲ್ಲಿ ಮುಗಿದ ಅದು ಯುರೋಪಿನ ಮೊದಮೊದಲ ಬಲವರ್ಧಿತ ಕಾಂಕ್ರೀಟ್ ಸೇತುವೆಗಳಲ್ಲೊಂದು. ಆ ಕಾಲಕ್ಕೆ ಅಂಥ ಹೊಸ ತಂತ್ರ ಈ ಸಣ್ಣ ಊರಿಗೆ ಏಕೆ ಬಂತು ಎಂದರೆ ಅದಕ್ಕೆ ಕಾರಣ ಭೂಕಂಪ. 1895ರ ಏಪ್ರಿಲ್ 14, ಈಸ್ಟರ್ ಹಬ್ಬದ ಭಾನುವಾರ, ರಾತ್ರಿ ಹನ್ನೊಂದು ದಾಟಿದ್ದಾಗ ನೆಲ ನಡುಗಿತು. ಸತ್ತವರು ಕಡಿಮೆ, ಬಿರುಕು ಬಿಟ್ಟ ಮನೆಗಳು ಬಹಳ. ಮರುವರ್ಷ ಮೇಯರ್ ಆದ ಇವಾನ್ ಹ್ರಿಬಾರ್ ಈ ಅನಾಹುತವನ್ನೇ ಅವಕಾಶ ಮಾಡಿಕೊಂಡ. ವಾಸ್ತುಶಿಲ್ಪಿ ಮಾಕ್ಸ್ ಫಾಬಿಯಾನಿ ಹೊಸ ನಕ್ಷೆ ಕೊಟ್ಟ. ನದಿಯ ಒಂದು ದಡದಲ್ಲಿ ಹಳೆಯ ಓರೆಕೋರೆ ಬೀದಿಗಳು, ಇನ್ನೊಂದು ದಡದಲ್ಲಿ ಬಳ್ಳಿ ಹೂವಿನ ಅಲಂಕಾರದ ವಿಯೆನ್ನಾ ಶೈಲಿಯ ಮನೆಗಳು. ಇಂದು ಕಾಣುವ ಈ ರೂಪ ಆಗ ಮೂಡಿದ್ದು.

ಸೇತುವೆಗೆ ಊರವರಿಟ್ಟ ಅಡ್ಡಹೆಸರು 'ಅತ್ತೆ'. ಇದನ್ನು ಕೇಳಿ ಇವಳು ನಕ್ಕಷ್ಟು ನಾನು ನಗಲಿಲ್ಲ.

ಸೇತುವೆಯಿಂದ ದಡದಗುಂಟ ಮಾರುಕಟ್ಟೆ. ಅದನ್ನು ದಾಟಿ ಬಂದರೆ ಊರಿನ ಕೇಂದ್ರ ಚೌಕ. ಸಾಮಾನ್ಯವಾಗಿ ರಾಜಧಾನಿಗಳ ಇಂಥ ಚೌಕದಲ್ಲಿ ಕುದುರೆಯ ಮೇಲೆ ಕುಳಿತು ಕತ್ತಿ ಹಿರಿದವರು ಇರುತ್ತಾರೆ. ಇಲ್ಲಿ ಉದ್ದ ಕೋಟು ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದು ನಿಂತಿರುವವನು ಫ್ರಾನ್ಸೆ ಪ್ರೆಶೆರೆನ್. 1800ರ ಡಿಸೆಂಬರ್ 3ರಂದು ವ್ರ್‌ಬಾ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಕಾನೂನು ಓದಿ, ಬದುಕಿನ ಬಹುಭಾಗ ಇನ್ನೊಬ್ಬರ ಕಚೇರಿಯಲ್ಲಿ ವಕೀಲಿಕೆ ಮಾಡಿದವನು. ಸ್ವಂತ ವಕೀಲಿ ಕಚೇರಿಗೆ ಅನುಮತಿ ಸಿಗುವ ಹೊತ್ತಿಗೆ ಬದುಕು ಮುಗಿಯುತ್ತ ಬಂದಿತ್ತು. 1849ರ ಫೆಬ್ರುವರಿ 8ರಂದು ಕ್ರಾನ್ಯ್ ಎಂಬ ಊರಿನಲ್ಲಿ ತೀರಿಕೊಂಡ. ವಿಯೆನ್ನಾದ ರೈಲು ಮೊದಲ ಬಾರಿಗೆ ಲ್ಯುಬ್ಲಿಯಾನಕ್ಕೆ ಬಂದದ್ದು ಅದೇ ವರ್ಷ, ಅವನು ಹೋದ ಕೆಲವು ತಿಂಗಳಿಗೆ.

ಈ ವಕೀಲ ಬರೆದ ಒಂದು ಪಾನಗೀತೆಯ ಏಳನೆಯ ನುಡಿ ಈಗ ಆ ದೇಶದ ರಾಷ್ಟ್ರಗೀತೆ. 1844ರಲ್ಲಿ ಬರೆದ ಅದು ಆಸ್ಟ್ರಿಯಾದ ಸೆನ್ಸಾರಿನವರಿಗೆ ಒಪ್ಪಿಗೆಯಾಗಲಿಲ್ಲ. ಅವನ ಏಕೈಕ ಸಂಕಲನದಿಂದ ಅದು ಹೊರಗುಳಿಯಿತು. 1848ರ ಕ್ರಾಂತಿಯಲ್ಲಿ ಸೆನ್ಸಾರು ಬಿದ್ದುಹೋದ ಮೇಲೆ ಅಚ್ಚಾಯಿತು. ಅವನು ಸತ್ತ ದಿನ, ಫೆಬ್ರುವರಿ 8, ಅಲ್ಲಿ ಸರ್ಕಾರಿ ರಜೆ. ರಜೆ ಇರುವುದು ಸಂಸ್ಕೃತಿಯ ಹೆಸರಿನಲ್ಲಿ. ಒಬ್ಬ ಕವಿ ಸತ್ತ ದಿನವನ್ನು ಇಡೀ ದೇಶದ ರಜೆಯಾಗಿ ಆಚರಿಸುವ ನಾಡುಗಳು ವಿರಳ.

ಚೌಕದಲ್ಲಿ ಒಂದು ಪ್ರೇಮಕಥೆಯೂ ಇದೆ. 1833ರಲ್ಲಿ ತ್ರ್‌ನೊವೊ ಚರ್ಚಿನಲ್ಲಿ ಪ್ರೆಶೆರೆನ್ ಯೂಲಿಯಾ ಪ್ರಿಮಿತ್ಸ್ ಎಂಬ ಹುಡುಗಿಯನ್ನು ನೋಡಿದ. ಅವಳು ಶ್ರೀಮಂತ ವರ್ತಕನ ಮಗಳು, ಇವನು ಗುಮಾಸ್ತ ವಕೀಲ. ಮುಂದಿನ ವರ್ಷ ಅವಳಿಗಾಗಿ ಹದಿನೈದು ಸಾನೆಟ್ಟುಗಳ ಮಾಲೆಯೊಂದನ್ನು ಹೆಣೆದ. ಒಂದರ ಕೊನೆಯ ಸಾಲು ಮುಂದಿನದರ ಮೊದಲ ಸಾಲು, ಹದಿನಾಲ್ಕರ ಮೊದಲ ಸಾಲುಗಳೂ ಸೇರಿ ಹದಿನೈದನೆಯದು, ಆ ಹದಿನೈದನೆಯದರ ಸಾಲುಗಳ ಮೊದಲಕ್ಷರ ಜೋಡಿಸಿದರೆ ಅವಳ ಹೆಸರು. ನಮ್ಮ ಚಿತ್ರಕವಿತ್ವದ ಪಂಡಿತರು ಮೆಚ್ಚುವಂಥ ಕಸರತ್ತು. ಆದರೆ ಒಳಗಿದ್ದದ್ದು ಕಸರತ್ತು ಮಾತ್ರವಲ್ಲ. ತನ್ನ ಪ್ರೇಮದ ನಿರಾಶೆಯನ್ನೂ ತನ್ನ ಜನರ ಅನಾಥ ಸ್ಥಿತಿಯನ್ನೂ ಒಂದೇ ದಾರದಲ್ಲಿ ಪೋಣಿಸಿದ್ದ. ಹೆಸರು ಬಹಿರಂಗವಾದದ್ದು ಆ ಮನೆಯವರಿಗೆ ಅವಮಾನವಾಯಿತು. ಅವಳು 1839ರಲ್ಲಿ ಜರ್ಮನ್ ಮಾತಿನ ಕುಲೀನ ಮನೆತನದವನನ್ನು ಮದುವೆಯಾದಳು. ಇಂದು ಪ್ರತಿಮೆಯ ಕಣ್ಣು ನೋಡುವ ದಿಕ್ಕಿನಲ್ಲಿ, ಎದುರು ಬೀದಿಯ ಒಂದು ಮನೆಯ ಗೋಡೆಯಲ್ಲಿ, ಕಿಟಕಿಯಿಂದ ಇಣುಕುವಂತೆ ಯೂಲಿಯಾಳ ಉಬ್ಬುಶಿಲ್ಪವಿದೆ. ಬದುಕಿದ್ದಾಗ ತಿರುಗಿ ನೋಡದವಳನ್ನು ಹೀಗೆ ಗೋಡೆಗೆ ಅಂಟಿಸಿ ನೋಡಿಸುವುದು ಅವಳಿಗೆ ಮಾಡಿದ ನ್ಯಾಯವೇ ಎಂದು ಇವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

1905ರ ಸೆಪ್ಟೆಂಬರ್ 10ರಂದು ಪ್ರತಿಮೆ ಅನಾವರಣವಾದಾಗ ಗಲಾಟೆಯಾದದ್ದು ಕವಿಯಿಂದಲ್ಲ. ಅವನ ತಲೆಯ ಮೇಲೆ ಎಲೆಯ ರೆಂಬೆ ಹಿಡಿದು ಕುಳಿತ ಕಾವ್ಯದೇವತೆಯಿಂದ. ಶಿಲ್ಪಿ ಇವಾನ್ ಜಾಯೆಟ್ಸ್ ಅವಳ ಮೈಮೇಲೆ ಬಟ್ಟೆ ಹೆಚ್ಚು ಇಟ್ಟಿರಲಿಲ್ಲ, ಮತ್ತು ಎದುರಿಗೇ ಫ್ರಾನ್ಸಿಸ್ಕನ್ ಪಾದ್ರಿಗಳ ಚರ್ಚು. ಬಿಷಪ್ಪರು ಆಕ್ಷೇಪಿಸಿದರು. ಕೊನೆಗೆ ಚರ್ಚಿಗೂ ದೇವತೆಗೂ ನಡುವೆ ಬರ್ಚ್ ಮರಗಳನ್ನು ನೆಟ್ಟು ರಾಜಿಯಾಯಿತು. ಮರ ಈಗಲೂ ಇವೆ. ವಾದ ಮರೆತುಹೋಗಿ ನೆರಳು ಉಳಿದಿದೆ.

ಈಗ ಒಂದು ಯೂರೋ ನಾಣ್ಯದವನ ಕಥೆಗೆ ಬರೋಣ. ಲ್ಯುಬ್ಲಿಯಾನ 1335ರಿಂದ 1918ರವರೆಗೆ, ನಡುವೆ ನೆಪೋಲಿಯನ್ನನ ನಾಲ್ಕು ವರ್ಷ ಬಿಟ್ಟರೆ, ಹ್ಯಾಬ್ಸ್‌ಬರ್ಗ್ ಅರಸರ ಕೈಯಲ್ಲಿತ್ತು. ಊರಿನ ಹೆಸರೇ ಲೈಬಾಕ್ ಎಂದಾಗಿತ್ತು. ಕಚೇರಿಯ ಮಾತು ಜರ್ಮನ್, ಚರ್ಚಿನ ಮಾತು ಲ್ಯಾಟಿನ್. ಸ್ಲೊವೇನಿಯನ್ ಎಂಬುದು ಹೊಲದ ಮಾತು, ಅಡುಗೆಮನೆಯ ಮಾತು. ಆ ಮಾತನ್ನು ಕಾಗದಕ್ಕೆ ತರಬಹುದು ಎಂದು ಹೊರಟವನು ಪ್ರಿಮೊಜ್ ತ್ರೂಬಾರ್. ಲೂಥರನ ಸುಧಾರಣೆಯನ್ನು ಒಪ್ಪಿದ ಪಾದ್ರಿ, ಅದೇ ಕಾರಣಕ್ಕೆ ನಾಡು ಬಿಟ್ಟು ಜರ್ಮನಿಗೆ ಓಡಿದವನು. 1550ರಲ್ಲಿ ಟ್ಯೂಬಿಂಗನ್ನಿನಲ್ಲಿ ಒಂದು ಧರ್ಮಪಾಠವನ್ನೂ ಒಂದು ಅಕ್ಷರಮಾಲೆಯನ್ನೂ ಅಚ್ಚು ಹಾಕಿಸಿದ. ಭಯದಿಂದ ತನ್ನ ನಿಜವಾದ ಹೆಸರನ್ನೂ ಅಚ್ಚಾದ ಊರನ್ನೂ ಮರೆಮಾಚಿದ. ಸ್ಲೊವೇನಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕಗಳು ಅವು. 1584ರಲ್ಲಿ ಯೂರಿ ದಾಲ್ಮಾತಿನ್ ಇಡೀ ಬೈಬಲನ್ನು ಅನುವಾದಿಸಿ ವಿಟೆನ್‌ಬರ್ಗಿನಲ್ಲಿ ಅಚ್ಚು ಮಾಡಿಸಿದ. ಅದೇ ವರ್ಷ ಆದಂ ಬೊಹೊರಿಚ್‌ನ ವ್ಯಾಕರಣವೂ ಬಂತು.

ಆಮೇಲೆ ಕ್ಯಾಥೊಲಿಕರ ಮರುದಾಳಿ. 1600ರ ಕೊನೆಗೂ 1601ರ ಮೊದಲಿಗೂ ಲ್ಯುಬ್ಲಿಯಾನದಲ್ಲಿ ಪ್ರೊಟೆಸ್ಟೆಂಟ್ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಸುಡಿಸಿದವನು ಬಿಷಪ್ ತೊಮಾಜ್ ಹ್ರೆನ್. ಆದರೆ ಅದೇ ಹ್ರೆನ್ ದಾಲ್ಮಾತಿನನ ಬೈಬಲನ್ನು ಮಾತ್ರ ತನ್ನ ಪಾದ್ರಿಗಳು ಬಳಸಲು ಪೋಪನಿಂದ ಅನುಮತಿ ತರಿಸಿಕೊಂಡ. ಜನಕ್ಕೆ ಅರ್ಥವಾಗುವ ಮಾತಿನಲ್ಲಿ ಬೋಧಿಸಬೇಕಾದರೆ ಅವನ ಬಳಿಯೂ ಬೇರೆ ಪುಸ್ತಕವಿರಲಿಲ್ಲ! ಸುಟ್ಟವನಿಗೂ ಬೇಕಾದ ಪುಸ್ತಕ. ಆ ಬೈಬಲಿನ ಭಾಷೆಯೇ ಮುಂದಿನ ಇನ್ನೂರು ವರ್ಷ ಬರಹದ ಮಾದರಿಯಾಗಿ ಉಳಿಯಿತು.

ಈ ಭಾಷೆಯ ಒಂದು ವಿಶೇಷ ನಮಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಾವು ಉಳಿದುಕೊಂಡ ಮನೆಯ ಯಜಮಾನಿ, ಎಪ್ಪತ್ತು ದಾಟಿದ ಹೆಂಗಸು, ಬೆಳಗ್ಗೆ ನಮ್ಮಿಬ್ಬರನ್ನೂ ಒಟ್ಟಿಗೆ ಏನೋ ಕೇಳಿದಳು. ಅವಳ ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು: 'ಅಮ್ಮ ಕೇಳಿದ್ದು ನೀವಿಬ್ಬರೂ ಚೆನ್ನಾಗಿ ನಿದ್ದೆ ಮಾಡಿದಿರಾ ಅಂತ. ನಿಮ್ಮ ಜೊತೆ ಮೂರನೆಯವರೊಬ್ಬರು ಇದ್ದಿದ್ದರೆ ಅವಳ ಮಾತೇ ಬೇರೆ ಆಗುತ್ತಿತ್ತು.' ನನಗೆ ತಟ್ಟನೆ ಹೊಳೆಯಿತು. ದ್ವಿವಚನ! ಹೈಸ್ಕೂಲಿನಲ್ಲಿ ರಾಮಃ ರಾಮೌ ರಾಮಾಃ ಎಂದು ಬಾಯಿಪಾಠ ಮಾಡಿ, ಆ ನಡುವಿನ ರಾಮೌ ಯಾರಿಗೆ ಬೇಕಿತ್ತಪ್ಪ ಎಂದು ಬೈದುಕೊಂಡವರು ಇಲ್ಲಿ ಅನೇಕರಿದ್ದೀರಿ. ನಮ್ಮ ಕನ್ನಡ ಒಂದು ಮತ್ತು ಹಲವು ಎಂದು ಸುಮ್ಮನಾಗುತ್ತದೆ. ಸ್ಲೊವೇನಿಯನ್ನಿನಲ್ಲಿ ಒಂದು ಪುಸ್ತಕ ಕ್ನಿಗ, ಎರಡು ಪುಸ್ತಕ ಕ್ನಿಗಿ, ಮೂರಾದರೆ ಕ್ನಿಗೆ. ಇಂಡೋ-ಯುರೋಪಿಯನ್ ಭಾಷಾ ಕುಟುಂಬದಲ್ಲಿ ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಈ ದ್ವಿವಚನವನ್ನು ಹೆಚ್ಚಿನ ಭಾಷೆಗಳು ಕಳಚಿ ಹಾಕಿದವು. ಇವತ್ತು ಯುರೋಪಿನಲ್ಲಿ ಅದನ್ನು ದಿನಬಳಕೆಯಲ್ಲಿ ಪೂರ್ತಿ ಉಳಿಸಿಕೊಂಡ ಭಾಷೆಗಳು ಬೆರಳೆಣಿಕೆಯವು. ನಮ್ಮ ಪಂಡಿತರು ಗ್ರಂಥದಲ್ಲಿ ಕಾಪಾಡಿಕೊಂಡದ್ದನ್ನು ಆ ಅಜ್ಜಿ ಕಾಫಿ ಕೊಡುತ್ತ ಸಹಜವಾಗಿ ಆಡುತ್ತಿದ್ದಳು.

ಕಾಫಿಯ ಜೊತೆ ಏನು ಸಿಗುತ್ತದೆ ಎಂದು ಸಸ್ಯಾಹಾರಿಗಳು ಕೇಳುತ್ತೀರಿ. ಗಿಣ್ಣಿನಂಥ ಹಸಿ ಚೀಸ್ ತುಂಬಿ ಸುರುಳಿ ಸುತ್ತಿ ಬೇಯಿಸಿದ ಷ್ಟ್ರುಕ್ಲಿ ಸಿಗುತ್ತದೆ, ಆಕ್ರೋಟು ತುಂಬಿದ ಪೊತಿತ್ಸ ಎಂಬ ಸಿಹಿ ರೊಟ್ಟಿ ಸಿಗುತ್ತದೆ. ಬಕ್‌ವೀಟ್ ಎಂಬ ಕಪ್ಪು ಧಾನ್ಯದ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ, ಕೋಲಿನಲ್ಲಿ ತಿರುವಿ, ಫೋರ್ಕಿನಿಂದ ಉದುರಿಸಿ ಕೊಡುವ ಜ್ಗಾಂತ್ಸಿ ಬಡವರ ಊಟವಾಗಿದ್ದದ್ದು ಈಗ ಹೋಟೆಲಿಗೂ ಬಂದಿದೆ. 'ಏನ್ರೀ, ಮುದ್ದೆಗೆ ನೀರು ಕಡಿಮೆಯಾದ ಹಾಗಿದೆ' ಎಂದಳು ಇವಳು. ಅದರ ಮೇಲೆ ಹಂದಿ ಕೊಬ್ಬಿನ ಚೂರು ಹಾಕುವ ರೂಢಿಯಿದೆ. ಬೇಡದವರು ಮೊದಲೇ ಹೇಳಬೇಕು.

ಮಧ್ಯಾಹ್ನ ನಾವು ಹತ್ತು ಸೆಂಟಿನವನನ್ನು ಹುಡುಕಿ ಹೊರಟೆವು. ಹೆಸರು ಯೋಜೆ ಪ್ಲೆಚ್ನಿಕ್. 1872ರಲ್ಲಿ ಇದೇ ಊರಿನ ಬಡಗಿಯ ಮನೆಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಒಟ್ಟೊ ವಾಗ್ನರ್ ಎಂಬ ಮಹಾ ವಾಸ್ತುಶಿಲ್ಪಿಯ ಶಿಷ್ಯನಾದ. ವಾಗ್ನರನ ಪೀಠಕ್ಕೆ ಇವನ ಹೆಸರು ಬಂದಿತ್ತಾದರೂ ಸಿಗಲಿಲ್ಲ. ಸ್ಲಾವ್ ಜನಾಂಗದವನೆಂಬುದು ಅಡ್ಡ ಬಂತು. ಪ್ರಾಗ್‌ಗೆ ಹೋದ, ಅಧ್ಯಕ್ಷ ಮಸಾರಿಕ್ ಅವರಿಗಾಗಿ ಅಲ್ಲಿನ ಕೋಟೆಯನ್ನು ನವೀಕರಿಸಿದ. 1921ರಲ್ಲಿ ಹುಟ್ಟೂರಿಗೆ ಮೇಷ್ಟರಾಗಿ ಮರಳಿ, 1957ರಲ್ಲಿ ಸಾಯುವ ತನಕ ಈ ಊರನ್ನು ತಿದ್ದುತ್ತ ಕುಳಿತ. ಮದುವೆಯಾಗಲಿಲ್ಲ. ತ್ರ್‌ನೊವೊದಲ್ಲಿರುವ ಅವನ ಮನೆ ಈಗ ವಸ್ತುಸಂಗ್ರಹಾಲಯ. ಸಣ್ಣ ಸಣ್ಣ ಗುಂಪುಗಳನ್ನು ಮಾತ್ರ ಒಳಗೆ ಬಿಡುತ್ತಾರಾದ್ದರಿಂದ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳುವುದು ಮೇಲು. ಸೋಮವಾರ ಇಂಥ ಸ್ಥಳಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ಪ್ಲೆಚ್ನಿಕ್‌ನ ಬುದ್ಧಿ ಏನೆಂದು ತಿಳಿಯಲು ಪ್ರೆಶೆರೆನ್ ಚೌಕದ ಮುಂದಿನ ಸೇತುವೆ ಸಾಕು. 1842ರ ಒಂದು ಕಲ್ಲಿನ ಸೇತುವೆ ಅಲ್ಲಿತ್ತು. ವಾಹನ ಹೆಚ್ಚಿ ಇಕ್ಕಟ್ಟಾಯಿತು. ನಮ್ಮಲ್ಲಾಗಿದ್ದರೆ ಕೆಡವಿ ಅಗಲದ ಸೇತುವೆ ಕಟ್ಟುತ್ತಿದ್ದೆವು, ಇಲ್ಲವೇ ಮೇಲ್ಸೇತುವೆ. ಅವನು ಹಳೆಯದನ್ನು ಮುಟ್ಟಲಿಲ್ಲ. ಅದರ ಎಡಬಲಕ್ಕೆ ನಡೆಯುವವರಿಗೆಂದು ಸ್ವಲ್ಪ ಓರೆಯಾಗಿ ಎರಡು ಸೇತುವೆ ಸೇರಿಸಿದ, ನೀರಿನ ಮಟ್ಟಕ್ಕೆ ಮೆಟ್ಟಿಲು ಇಳಿಸಿದ. 1932ರಲ್ಲಿ ಮುಗಿದ ಈ ತ್ರೊಮೊಸ್ತೊವ್ಯೆ, ಅಂದರೆ ಮೂರು ಸೇತುವೆ, ಬೆರಳು ಬಿಚ್ಚಿದ ಅಂಗೈಯಂತೆ ಚೌಕದ ಜನರನ್ನು ಹಳೆಯ ಊರಿಗೆ ಹಂಚುತ್ತದೆ. 2007ರಿಂದ ಊರ ನಡುಭಾಗಕ್ಕೆ ಕಾರುಗಳನ್ನೇ ನಿಲ್ಲಿಸಿದ್ದಾರೆ. ಇವತ್ತು ಮೂರರ ಮೇಲೂ ನಡೆಯುವವರೇ. ಮಾರುಕಟ್ಟೆಯ ಕಂಬಸಾಲು, ದಡದ ಮೆಟ್ಟಿಲು, ಸ್ಮಶಾನದ ಮಹಾದ್ವಾರ ಎಲ್ಲವೂ ಅವನದೇ. 2021ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಗ್ರಂಥಾಲಯ. 1774ರಲ್ಲಿ ಮರಿಯಾ ತೆರೇಸಾ ರಾಣಿಯ ಆಜ್ಞೆಯಿಂದ, ವಿಸರ್ಜನೆಯಾದ ಜೆಸ್ಯೂಟರ ಉಳಿದ ಪುಸ್ತಕಗಳೊಡನೆ ಆರಂಭವಾದ ಸಂಗ್ರಹ ಅದು. ಒಂದು ಕಾಲಕ್ಕೆ ಮತಿಯಾ ಚೊಪ್ ಎಂಬ ಬಹುಭಾಷಾ ಪಂಡಿತ ಅದರ ಗ್ರಂಥಪಾಲಕ. ಸ್ಲೊವೇನಿಯನ್ನಿನಲ್ಲಿ ಹಳ್ಳಿಯ ಹಾಡಷ್ಟೇ ಅಲ್ಲ, ಇಟಲಿಯ ಸಾನೆಟ್ಟೂ ಸಾಧ್ಯ ಎಂದು ಪ್ರೆಶೆರೆನನಿಗೆ ಧೈರ್ಯ ತುಂಬಿದ ಗೆಳೆಯ. 1835ರಲ್ಲಿ ಸಾವಾ ನದಿಯಲ್ಲಿ ಈಜಲು ಹೋಗಿ ಮುಳುಗಿದ. 1919ರಲ್ಲಿ, ಹ್ಯಾಬ್ಸ್‌ಬರ್ಗರು ಹೋದ ಮರುವರ್ಷವೇ, ಇಲ್ಲಿ ವಿಶ್ವವಿದ್ಯಾನಿಲಯ ಬಂತು. ಅದರ ಮೊಟ್ಟಮೊದಲ ಪಾಠ ಡಿಸೆಂಬರ್ 3ರಂದು, ಕವಿ ಹುಟ್ಟಿದ ದಿನ. ವಿಷಯ ಸ್ಲೊವೇನಿಯನ್ ಭಾಷೆಯ ಚಾರಿತ್ರಿಕ ವ್ಯಾಕರಣ, ಪಾಠ ಮಾಡಿದವನು ಫ್ರಾನ್ ರಾಮೊವ್ಷ್. ವಿಶ್ವವಿದ್ಯಾನಿಲಯ ಬಂದರೂ ಗ್ರಂಥಾಲಯಕ್ಕೆ ಸರಿಯಾದ ಮನೆಯಿರಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದು ಕೇಳಬೇಕಾಯಿತು. 1936ರಿಂದ 1941ರ ನಡುವೆ ಪ್ಲೆಚ್ನಿಕ್ ಅದನ್ನು ಕಟ್ಟಿದ, ಭೂಕಂಪದಲ್ಲಿ ಹಾಳಾದ ಒಂದು ಅರಮನೆಯ ನೆಲದ ಮೇಲೆ.

ಹೊರಗೋಡೆ ಕೆಂಪು ಇಟ್ಟಿಗೆ, ನಡುನಡುವೆ ಹೊರಕ್ಕೆ ಚಾಚಿದ ಒರಟು ಕಲ್ಲು. ಬಾಗಿಲ ಹಿಡಿ ಕುದುರೆಯ ತಲೆ, ಕವಿಗಳ ರೆಕ್ಕೆಯ ಕುದುರೆಯದು. ಹಿಡಿದು ತಳ್ಳಿ ಒಳಹೊಕ್ಕರೆ ಕತ್ತಲೆ. ಎದುರಿಗೆ ನೇರವಾದ ಮೆಟ್ಟಿಲಸಾಲು, ಎರಡೂ ಕಡೆ ಒಟ್ಟು ಮೂವತ್ತೆರಡು ಕಪ್ಪು ಕಂಬಗಳು. ಮೇಲಕ್ಕೆ ಹೋದಂತೆ ಬೆಳಕು ಹೆಚ್ಚುತ್ತ, ಕೊನೆಗೆ ಎರಡೂ ತುದಿಗೆ ಮಾಡಿನೆತ್ತರದ ಗಾಜಿರುವ ವಾಚನಾಲಯ. ತಮಸೋ ಮಾ ಜ್ಯೋತಿರ್ಗಮಯ ಎಂಬುದನ್ನು ಕಲ್ಲಿನಲ್ಲಿ ಬರೆದರೆ ಹೀಗಿರಬಹುದು. ಬೆಲೆಬಾಳುವ ಬೆಳಕನ್ನು ಓದುವವನಿಗಾಗಿ ಇಟ್ಟು, ನಡೆಯುವವನಿಗೆ ಕತ್ತಲೆ ಕೊಟ್ಟಿದ್ದಾನೆ. ವಾಚನಾಲಯ ವಿದ್ಯಾರ್ಥಿಗಳದು. ಪ್ರವಾಸಿಗರಿಗೆ ಗೊತ್ತಾದ ವೇಳೆ ಮಾತ್ರ. ಅದು ಸರಿಯೇ. ಬಾಗಿಲಲ್ಲಿ ನಿಂತು ನೋಡಿದಾಗ ಯಾರೂ ತಲೆ ಎತ್ತಲಿಲ್ಲ. 1944ರ ಜನವರಿಯಲ್ಲಿ ಜರ್ಮನ್ ವಿಮಾನವೊಂದು ನೇರವಾಗಿ ಈ ಹಾಲಿನ ಮೇಲೆಯೇ ಬಿದ್ದು ಸುಮಾರು 60 ಸಾವಿರ ಪುಸ್ತಕಗಳು ಸುಟ್ಟುಹೋದವು. ಅದನ್ನು ಮತ್ತೆ ಕಟ್ಟಿಕೊಂಡರು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ಲೆಚ್ನಿಕ್ ಸ್ಲೊವೇನಿಯಾಕ್ಕೆ ಒಂದು ಸಂಸತ್ ಭವನದ ನಕ್ಷೆ ಬರೆದ. ಎತ್ತರದ ಶಂಕುವಿನಾಕಾರದ ಗೋಪುರ, ಸುತ್ತ ಕಂಬಗಳು. ಆಗ ಸ್ಲೊವೇನಿಯಾ ಯುಗೊಸ್ಲಾವಿಯಾದ ಒಂದು ಗಣರಾಜ್ಯವಷ್ಟೆ. ನಕ್ಷೆ ಕಾಗದದಲ್ಲೇ ಉಳಿಯಿತು, ಬೇರೆಯವರ ಸರಳ ಕಟ್ಟಡ ಮೇಲೆದ್ದಿತು. ಕಟ್ಟದ ಆ ಗೋಪುರವೇ ಈಗ ಹತ್ತು ಸೆಂಟಿನ ಮೇಲಿದೆ.

ಒಂದು ನಿಜವಾದ ನಂಟಿನ ಮಾತು. ಒಂದನೆಯ ಮಹಾಯುದ್ಧದ ನಂತರ ಸ್ಲೊವೇನಿಯನ್ನರ ಒಂದು ದೊಡ್ಡ ಪಾಲು ಇಟಲಿಯ ಆಳ್ವಿಕೆಗೆ ಹೋಯಿತು. 1920ರ ಜುಲೈ 13ರಂದು ಟ್ರಿಯೆಸ್ಟ್ ನಗರದಲ್ಲಿ ಅವರ ಸಂಸ್ಕೃತಿ ಭವನಕ್ಕೆ ಫ್ಯಾಸಿಸ್ಟರು ಬೆಂಕಿ ಹಚ್ಚಿದರು. ಆ ದಿನಗಳಲ್ಲಿ ಆ ಜನ ಓದುತ್ತಿದ್ದ ಕವಿಗಳಲ್ಲಿ ನಮ್ಮ ರವೀಂದ್ರರೂ ಒಬ್ಬರು. ಆಲೊಯ್ಜ್ ಗ್ರಾದ್ನಿಕ್ ಎಂಬ ಕವಿ ಟಾಗೋರರನ್ನು ಸ್ಲೊವೇನಿಯನ್ನಿಗೆ ಅನುವಾದಿಸಿದ್ದ. 1926ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ತೀರಿಹೋದ ಸ್ರೆಚ್ಕೊ ಕೊಸೊವೆಲ್ ಎಂಬ ಪ್ರತಿಭಾವಂತನ ಮೇಲೆ ಆ ಓದಿನ ಗುರುತಿದೆ. ಕನ್ನಡದಲ್ಲಿ ನಮ್ಮ ಹಿರಿಯರು ಗೀತಾಂಜಲಿ ಹಿಡಿದು ಕುಳಿತಿದ್ದ ಕಾಲಕ್ಕೇ ಆಲ್ಪ್ಸ್‌ನ ಮಡಿಲಲ್ಲೂ ಹುಡುಗರು ಅದನ್ನು ಓದುತ್ತಿದ್ದರು. ಎರಡು ಕಡೆಯವರಿಗೂ ಪರಭಾಷೆಯ ಆಳ್ವಿಕೆಯ ಅನುಭವವಿತ್ತು.

ಎರಡನೆಯ ದಿನದ ಬೆಳಗ್ಗೆ ಕೋಟೆ ಹತ್ತಿದೆವು. ಹಗ್ಗದ ರೈಲು ಇದೆ, ಕಾಲುನೋವಿನವರು ಹೆದರಬೇಕಿಲ್ಲ. ಕೋಟೆ ಹೇಳಿಕೊಳ್ಳುವಂಥದ್ದಲ್ಲ, ಮೇಲಿನ ನೋಟ ಚೆನ್ನ. ನನ್ನನ್ನು ಕೇಳಿದರೆ ಆ ಎರಡು ಗಂಟೆಯನ್ನು ನಗರ ವಸ್ತುಸಂಗ್ರಹಾಲಯಕ್ಕೆ ಕೊಡಿ. ಊರ ಪಕ್ಕದ ಜೌಗಿನಲ್ಲಿ 2002ರಲ್ಲಿ ಸಿಕ್ಕ ಮರದ ಚಕ್ರವೊಂದು ಅಚ್ಚಿನ ಸಮೇತ ಅಲ್ಲಿದೆ. ಸುಮಾರು ಐದು ಸಾವಿರದ ಇನ್ನೂರು ವರ್ಷ ಹಳೆಯದು. ಜಗತ್ತಿನಲ್ಲಿ ಇದುವರೆಗೆ ದೊರೆತ ಮರದ ಚಕ್ರಗಳಲ್ಲಿ ಇಷ್ಟು ಪ್ರಾಚೀನವಾದದ್ದು ಇಲ್ಲವೆನ್ನುತ್ತಾರೆ.

ಆ ಮಧ್ಯಾಹ್ನ ಮನೆಯ ಯಜಮಾನಿ ಒಂದು ಕಾಲುದಾರಿಯ ಹೆಸರು ಹೇಳಿದಳು. ಪ್ರವಾಸಿಗರು ಅಲ್ಲಿಗೆ ಹೆಚ್ಚು ಹೋಗುವುದಿಲ್ಲ ಎಂದಳು. ಊರನ್ನು ಸುತ್ತುಗಟ್ಟಿದ, ಸುಮಾರು 34 ಕಿಲೋಮೀಟರ್ ಉದ್ದದ, ಎರಡೂ ಬದಿಗೆ ಮರವಿರುವ ಜಲ್ಲಿಯ ದಾರಿ. ಮುಂಜಾನೆ ಓಡುವವರು, ಮಗುವಿನ ಗಾಡಿ ತಳ್ಳುವವರು. ನೋಡಿದರೆ ಉದ್ಯಾನದ ದಾರಿ ಎನಿಸಬೇಕು. 1942ರ ಫೆಬ್ರುವರಿ 23ರಂದು, ಊರನ್ನು ಆಕ್ರಮಿಸಿದ್ದ ಇಟಲಿಯ ಸೇನೆ ಇದೇ ಗೆರೆಯಲ್ಲಿ ಊರಿನ ಸುತ್ತ ಮುಳ್ಳುತಂತಿ ಬಿಗಿಯಿತು. ಕಾವಲು ಗೋಪುರ, ಬಂಕರು, ತಪಾಸಣೆಯ ಬಾಗಿಲು. ಒಳಗಿನ ಪ್ರತಿರೋಧದವರಿಗೂ ಹೊರಗಿನ ಕಾಡಿನ ಗೆರಿಲ್ಲಾಗಳಿಗೂ ಸಂಪರ್ಕ ಕಡಿಯುವುದು ಅದರ ಉದ್ದೇಶ. 1943ರಲ್ಲಿ ಇಟಲಿ ಶರಣಾದ ಮೇಲೆ ಜರ್ಮನರು ಬಂದರು, ತಂತಿ ಹಾಗೆಯೇ ಇತ್ತು. 1945ರ ಮೇ 9ರವರೆಗೆ, ಮೂರು ವರ್ಷಕ್ಕೂ ಮೀರಿ, ಇಡೀ ರಾಜಧಾನಿ ಒಂದು ಸೆರೆಮನೆ. ತಂತಿ ಹೋದ ಮೇಲೆ ಆ ಗೆರೆಯನ್ನು ಅಳಿಸಲಿಲ್ಲ. ಮರ ನೆಟ್ಟು, ಗುರುತಿನ ಕಲ್ಲು ನೆಟ್ಟು, ನಡೆಯುವ ದಾರಿ ಮಾಡಿದರು. ಪ್ರತಿ ಮೇ ತಿಂಗಳು ಸಾವಿರಾರು ಜನ, ಶಾಲೆಯ ಮಕ್ಕಳೂ, ಈ ದಾರಿ ನಡೆಯುತ್ತಾರೆ. ತಾನು ಹುಟ್ಟಿದ್ದು ತಂತಿಯ ಒಳಗೆ ಎಂದಳು ಯಜಮಾನಿಯ ಅಕ್ಕ, ಅಂದು ಅವಳೂ ಕಾಫಿಗೆ ಬಂದಿದ್ದಳು. ಹೇಳುವಾಗ ಇಬ್ಬರೂ ನಕ್ಕರು. ನಗು ಏಕೆಂದು ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ದೇಶವಾದದ್ದು ತೀರಾ ಈಚೆಗೆ. ಅಲ್ಲಿಯೂ ಭಾಷೆಯ ಪ್ರಶ್ನೆಯೇ ಬಂತು. 1988ರಲ್ಲಿ 'ಮ್ಲಾದಿನಾ' ಎಂಬ ವಾರಪತ್ರಿಕೆಯ ಸಂಬಂಧದ ಮೂವರನ್ನೂ ಸೇನೆಯ ಒಬ್ಬನನ್ನೂ ಸೇನಾ ರಹಸ್ಯದ ಆರೋಪದ ಮೇಲೆ ಲ್ಯುಬ್ಲಿಯಾನದ ಸೈನಿಕ ನ್ಯಾಯಾಲಯ ವಿಚಾರಣೆ ಮಾಡಿತು. ವಿಚಾರಣೆ ಸ್ಲೊವೇನಿಯನ್ನಿನಲ್ಲಿ ನಡೆಯಲಿಲ್ಲ, ಸೆರ್ಬೊ-ಕ್ರೊಯೇಷಿಯನ್ನಿನಲ್ಲಿ ನಡೆಯಿತು. ತಮ್ಮದೇ ಊರಿನಲ್ಲಿ, ತಮ್ಮದೇ ಮಕ್ಕಳನ್ನು, ಬೇರೆ ಭಾಷೆಯಲ್ಲಿ ನಿಲ್ಲಿಸಿ ಕೇಳುವುದೇ? ಸಾವಿರಾರು ಜನ ಚೌಕದಲ್ಲಿ ನೆರೆದರು. ಅಲ್ಲಿಂದ ಎರಡೂವರೆ ವರ್ಷಕ್ಕೆ, 1990ರ ಡಿಸೆಂಬರ್ 23ರ ಜನಮತಗಣನೆಯಲ್ಲಿ, ಮತದಾರರಲ್ಲಿ ಶೇಕಡ 88.5 ಮಂದಿ ಸ್ವಾತಂತ್ರ್ಯಕ್ಕೆ ಒಪ್ಪಿಗೆ ಕೊಟ್ಟರು. 1991ರ ಜೂನ್ 25ರಂದು ಘೋಷಣೆಯಾಯಿತು. ಹತ್ತು ದಿನದ ಕದನದಲ್ಲಿ ಮುಗಿಯಿತು. ಪಕ್ಕದ ಕ್ರೊಯೇಷಿಯಾ, ಬೋಸ್ನಿಯಾಗಳಿಗೆ ಆ ಅದೃಷ್ಟವಿರಲಿಲ್ಲ. 2004ರಲ್ಲಿ ಯುರೋಪಿಯನ್ ಒಕ್ಕೂಟ, 2007ರಲ್ಲಿ ಯೂರೋ.

ಹೊಗಳಿಕೆಯೇ ಆಯಿತೆಂದು ನೀವು ಹೇಳಬಹುದು. ಒಂದು ಕಸಿವಿಸಿಯೂ ಇದೆ. ಹಳೆಯ ಊರಿನ ಬೀದಿಗಳಲ್ಲಿ ಸಂಜೆ ನಡೆದಾಗ ಕಾಣುವುದು ಹೆಚ್ಚಾಗಿ ನಮ್ಮಂಥವರೇ. ಕೆಳಗೆ ಕಾಫಿಯಂಗಡಿ, ಮೇಲಿನ ಮನೆ ಎರಡು ದಿನದ ಬಾಡಿಗೆಗೆ. ಅಲ್ಲಿ ಮನೆ ಮಾಡಿಕೊಂಡಿದ್ದವರಿಗೆ ಬಾಡಿಗೆ ಕೈಗೆಟುಕುತ್ತಿಲ್ಲ ಎಂದು ಯಜಮಾನಿಯ ಮಗಳು ಹೇಳಿದಳು. ನಾವು ಉಳಿದಿದ್ದ ಕೋಣೆಯೂ ಒಂದು ಕಾಲಕ್ಕೆ ಅವಳ ಅಜ್ಜಿಯದು. ವಾರಾಂತ್ಯಕ್ಕೆ ಬಂದವನು ಊರನ್ನು ಮೆಚ್ಚಿಕೊಂಡಷ್ಟೂ ಊರವರು ಅಂಚಿಗೆ ಸರಿಯಬೇಕಾಗುತ್ತದೆ. ಹಂಪಿಯ, ಗೋಕರ್ಣದ ಜನಕ್ಕೆ ಇದನ್ನು ವಿವರಿಸಬೇಕಿಲ್ಲ.

ಭಾನುವಾರ ಸಂಜೆಯ ರೈಲಿಗೆ ನಾವು ಮತ್ತೆ ಚೌಕದ ಮೂಲಕವೇ ನಡೆದೆವು. ಸಣ್ಣಗೆ ಮಳೆ ಬರುತ್ತಿತ್ತು. ಪ್ರತಿಮೆಯ ಮೆಟ್ಟಿಲ ಮೇಲೆ ಹುಡುಗ ಹುಡುಗಿಯರು ಕೊಡೆ ಹಿಡಿದು ಕುಳಿತಿದ್ದರು. ಅವರಲ್ಲಿ ಯಾರೂ ಕವಿಯನ್ನು ನೋಡುತ್ತಿರಲಿಲ್ಲ. ನಿಲ್ದಾಣದಲ್ಲಿ ಉಳಿದ ಚಿಲ್ಲರೆಗೆ ಎರಡು ಲೋಟ ಕಾಫಿ ಕೊಂಡೆವು, ಈ ಮೂರನ್ನು ಮಾತ್ರ ಬದಿಗಿಟ್ಟೆವು. ನೋಡುವವರು ದಯವಿಟ್ಟು ನೋಡಿ ಹಿಂದಿರುಗಿಸಿ. ಹತ್ತು ಸೆಂಟಿನದು ನನ್ನದಲ್ಲ, ಮುಂದಿನ ಸಾಲಿನಲ್ಲಿ ಕುಳಿತಿರುವವಳದು.